ಬಂದ್ಯೋಡಿನ ಜಗಲಿಯಲ್ಲಿ ಒಂದು ಆದಿತ್ಯವಾರ

ಕಾಸರಗೋಡಿನಿಂದ ಮಂಗಳೂರಿನ ಕಡೆಗೆ ಹೊರಡುವ ಬಸ್ಸಿನಲ್ಲಿ ಎಡಬದಿಯ ಆಸನ ದೊರೆತರೆ ಅದನ್ನೊಂದು ಭಾಗ್ಯವೆಂದೇ ನಾನು ಎಣಿಸುತ್ತೇನೆ. ತೆಂಗಿನ ಸಾಲುಗಳ ನಡುವಿನಿಂದ ಪಡುಗಡಲು ಆಗಾಗ ಇಣುಕುತ್ತದೆ. ರೈಲುಹಳಿ ಒಮ್ಮೆ ಸಮೀಪಿಸಿ, ಮತ್ತೊಮ್ಮೆ ದೂರ ಸರಿದು, ರಸ್ತೆಯ ಜೊತೆಗಾರನಂತೆ ಸಾಗುತ್ತದೆ. ಮೊಗ್ರಾಲ್, ಕುಂಬಳೆ, ಆರಿಕ್ಕಾಡಿ, ಶಿರಿಯ ಎಂದು ನಿರ್ವಾಹಕನು ಮಲಯಾಳದ ಧಾಟಿಯಲ್ಲಿ ಕೂಗುತ್ತಾನೆ. ಪ್ರಯಾಣಿಕರು ತುಳುವಿನಲ್ಲಿ ಉತ್ತರಿಸುತ್ತಾರೆ. ಚಿಲ್ಲರೆಯ ತಗಾದೆ ಮಾತ್ರ ಕನ್ನಡದಲ್ಲಿ ನಡೆಯುತ್ತದೆ. ಶಿರಿಯಾ ಹೊಳೆಯ ಸೇತುವೆಯನ್ನು ದಾಟಿ ಮುಂದೆ ಸಾಗಿದರೆ ಬಂದ್ಯೋಡು.

ಪ್ರವಾಸಿಗರು ಬೇಕಲದ ಕೋಟೆಗೆ ಹೋಗುತ್ತಾರೆ. ಬಂದ್ಯೋಡಿಗೆ ಬರುವವರು ನೆಂಟರು ಮಾತ್ರ. ಮಂಜೇಶ್ವರ ತಾಲೂಕಿನ ಮಂಗಲ್ಪಾಡಿ ಪಂಚಾಯತಿಗೆ ಸೇರಿದ ಈ ಸಣ್ಣ ಪೇಟೆಯಲ್ಲಿ ಹೆದ್ದಾರಿಯಿಂದ ಮೂಡಣಕ್ಕೆ ಒಂದು ಕವಲು ಒಡೆಯುತ್ತದೆ. ಪೆರ್ಮುದೆ, ಧರ್ಮತ್ತಡ್ಕಗಳ ಅಡಕೆ ತೋಟಗಳತ್ತ ಹೋಗುವವರು ಇಲ್ಲಿ ಇಳಿದು ಬಸ್ಸು ಬದಲಾಯಿಸುತ್ತಾರೆ. ಕಾಯುವುದು ಈ ಊರಿನ ಮುಖ್ಯ ಕಸುಬು ಎಂದರೆ ಊರವರು ಮುನಿಯಲಾರರು. ಕಾಯುವಲ್ಲಿ ಮಾತು ಹುಟ್ಟುತ್ತದೆ. ಆ ಮಾತಿಗಾಗಿಯೇ ನಾನು ಒಂದು ಬಸ್ಸನ್ನು ಬೇಕೆಂದೇ ತಪ್ಪಿಸಿಕೊಂಡ ದಿನದ ವೃತ್ತಾಂತವಿದು.

ಅಂದು 2025ರ ಮಾರ್ಚ್ 2, ಆದಿತ್ಯವಾರ. ಮೂರು ಸಂಗತಿಗಳು ಒಂದೇ ದಿನದಲ್ಲಿ ಕೂಡಿದ್ದವು. ರಂಜಾನ್ ಉಪವಾಸದ ಮೊದಲ ದಿನ ಅದು. ಮರುದಿನ ಬೆಳಗ್ಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಆರಂಭ. ಮೂರನೆಯದಾಗಿ, ದೂರದ ನಾಗಪುರದಲ್ಲಿ ರಣಜಿ ಟ್ರೋಫಿಯ ಅಂತಿಮ ಪಂದ್ಯದ ಐದನೆಯ ದಿನ. ವಿದರ್ಭದ ಎದುರು ಕೇರಳ ಆಡುತ್ತಿತ್ತು. ಕೇರಳವು ರಣಜಿಯ ಅಂತಿಮ ಹಂತಕ್ಕೆ ಬಂದದ್ದು ಅದೇ ಮೊದಲು.

ನಾನು ಹೊರಟದ್ದು ಪೆರ್ಮುದೆ ದಾರಿಯಲ್ಲಿರುವ ಅಕ್ಕನ ಮನೆಗೆ. ಹಿಂದಿನ ರಾತ್ರಿ ಅಕ್ಕ ದೂರವಾಣಿಯಲ್ಲಿ ಹೇಳಿದ್ದಳು: “ತಮ್ಮ, ನೀನೊಮ್ಮೆ ಬಂದು ಅವನಿಗೆ ಹೇಳಬೇಕು. ನನ್ನ ಮಾತು ಅವನ ಕಿವಿಗೆ ಹೋಗುವುದಿಲ್ಲ. ಚೆಂಡನ್ನು ಅಕ್ಕಿ ಡಬ್ಬದಲ್ಲಿ ಅಡಗಿಸಿಟ್ಟಿದ್ದೇನೆ.” ಅಳಿಯ ಕನ್ನಡ ಮಾಧ್ಯಮದ ಹತ್ತನೆಯ ತರಗತಿಯ ಹುಡುಗ, ಎತ್ತರದವನು, ವೇಗವಾಗಿ ಚೆಂಡೆಸೆಯುವವನು. ಪರೀಕ್ಷೆ ಮುಗಿದ ಮೇಲೆ ಮಂಗಳೂರಿನ ಪದವಿಪೂರ್ವ ಕಾಲೇಜಿಗೆ ಸೇರಿ ಅಲ್ಲಿ ಕ್ರಿಕೆಟ್ ತರಬೇತಿ ಪಡೆಯಬೇಕೆಂಬುದು ಅವನ ಹಂಬಲ. ಊರಲ್ಲೇ ಪ್ಲಸ್ ಟು ಓದಲಿ, ಆಟವನ್ನು ಬಿಡಲಿ ಎಂಬುದು ಭಾವನವರ ನಿರ್ಧಾರ. ಆ ನಿರ್ಧಾರವನ್ನು ಹುಡುಗನಿಗೆ ಮೆಲ್ಲಗೆ ತಿಳಿಸುವ ಕೆಲಸ ಸೋದರಮಾವನ ಪಾಲಿಗೆ ಬಂದಿತ್ತು. ಯಾರಿಗೂ ಇಷ್ಟವಾಗದ ಕೆಲಸ. ಬಂದ್ಯೋಡಿನಲ್ಲಿ ಇಳಿದೊಡನೆ ನನ್ನ ಕಾಲು ತಾನಾಗಿ ನಿಧಾನವಾಯಿತು.

ಹೆದ್ದಾರಿಯ ಷಟ್ಪಥದ ಕಾಮಗಾರಿ ಆಗ ಕೊನೆಯ ಹಂತದಲ್ಲಿತ್ತು. ಕಣ್ಣಿಗೆ ಪರಿಚಿತವಾಗಿದ್ದ ಪೇಟೆ ಎರಡು ದಡಗಳಾಗಿ ಒಡೆದುಹೋಗಿತ್ತು. ನೆರಳು ಕೊಡುತ್ತಿದ್ದ ಮರಗಳಿಲ್ಲ, ಹಳೆಯ ಅಂಗಡಿಗಳ ಮುಂಭಾಗವಿಲ್ಲ. ಸರ್ವೀಸ್ ರಸ್ತೆಯ ಅಂಚಿನಲ್ಲಿ ಉಳಿದುಕೊಂಡ ಒಂದು ಚಹಾದಂಗಡಿಯ ಜಗಲಿಯಲ್ಲಿ ಏಳೆಂಟು ಮಂದಿ ತಲೆ ಬಗ್ಗಿಸಿ ಕುಳಿತಿದ್ದರು. ಉಪವಾಸದ ದಿನವಾದುದರಿಂದ ಒಲೆ ಹೊತ್ತಿರಲಿಲ್ಲ, ಗಾಜಿನ ಕಪಾಟು ಬರಿದಾಗಿತ್ತು. ಊರವರೆಲ್ಲ ‘ಇಚ್ಚ’ ಎಂದು ಕರೆಯುವ ಅಂಗಡಿಯ ಯಜಮಾನರು ಒಂದು ಸ್ಟೂಲಿನ ಮೇಲೆ ಸಕ್ಕರೆ ಡಬ್ಬಕ್ಕೆ ಮೊಬೈಲನ್ನು ಒರಗಿಸಿ ಇಟ್ಟಿದ್ದರು. ನಾನು ಬದಿಗೆ ಕುಳಿತೆ. ಪೆರ್ಮುದೆಯ ಬಸ್ಸು ಬಂದಿತು, ಹೋಯಿತು.

ಪಂದ್ಯದ ಭವಿಷ್ಯ ಬಹುಪಾಲು ನಿರ್ಧಾರವಾಗಿಬಿಟ್ಟಿತ್ತು. ವಿದರ್ಭದ ಮೊದಲ ಸರದಿ 379, ಕೇರಳದ್ದು 342. ಪಂದ್ಯ ಡ್ರಾ ಆದರೆ ಮೊದಲ ಸರದಿಯ ಮುನ್ನಡೆಯೇ ತೀರ್ಪು. ಆ 37 ರನ್ನುಗಳ ಅಂತರ ಕಪ್ಪನ್ನು ವಿದರ್ಭಕ್ಕೆ ಕೊಡಲಿತ್ತು. ಕೇರಳ ಅಲ್ಲಿಗೆ ತಲುಪಿದ ಬಗೆಯೇ ಒಂದು ಕಥೆ. ಎಂಟರ ಘಟ್ಟದಲ್ಲಿ ಜಮ್ಮು-ಕಾಶ್ಮೀರದ 280ಕ್ಕೆ ಎದುರಾಗಿ 281, ಒಂದೇ ರನ್ನಿನ ಮುನ್ನಡೆ. ಉಪಾಂತ್ಯದಲ್ಲಿ ಗುಜರಾತಿನ 455ಕ್ಕೆ ಎದುರಾಗಿ 457, ಎರಡೇ ರನ್ನು. ಅದೂ ಕೊನೆಯ ಬ್ಯಾಟುಗಾರನು ಬಾರಿಸಿದ ಚೆಂಡು ಹತ್ತಿರ ನಿಂತಿದ್ದ ಸಲ್ಮಾನ್ ನಿಸಾರ್ ಅವರ ಶಿರಸ್ತ್ರಾಣಕ್ಕೆ ಬಡಿದು ಮೇಲಕ್ಕೆ ಚಿಮ್ಮಿ ಸ್ಲಿಪ್ಪಿನಲ್ಲಿದ್ದ ನಾಯಕ ಸಚಿನ್ ಬೇಬಿಯ ಕೈ ಸೇರಿದ್ದರಿಂದ. ಆ ಪಂದ್ಯದಲ್ಲಿ ಅಜೇಯ 177 ರನ್ ಗಳಿಸಿದ ಮೊಹಮ್ಮದ್ ಅಜರುದ್ದೀನ್ ನಮ್ಮ ತಳಂಗರೆಯವರು. ಅದೇ ಫೆಬ್ರವರಿಯಲ್ಲಿ ಸುನಿಲ್ ಗಾವಸ್ಕರ್ ಕಾಸರಗೋಡಿಗೆ ಬಂದು, ವಿದ್ಯಾನಗರದ ನಗರಸಭಾ ಕ್ರೀಡಾಂಗಣದ ರಸ್ತೆಗೆ ತಮ್ಮ ಹೆಸರಿಟ್ಟುದನ್ನು ಉದ್ಘಾಟಿಸಿ ಹೋಗಿದ್ದರು. ಹೀಗಾಗಿ ಜಿಲ್ಲೆಗೆ ಜಿಲ್ಲೆಯೇ ಕ್ರಿಕೆಟ್ಟಿನ ಗುಂಗಿನಲ್ಲಿತ್ತು.

ಕಪ್ಪು ಕೈತಪ್ಪುವುದು ಖಚಿತವಾದ ಮೇಲೆ ಮಾತು ಮುಂದಿನ ವರ್ಷದತ್ತ ಹೊರಳುವುದು ಸಹಜ. ಹೊಸ ಚೆಂಡು ಹಿಡಿಯುವವರು ಯಾರು? ಎಳೆಯರಲ್ಲಿ ಯಾರು ಉಳಿಯುತ್ತಾರೆ, ಯಾರು ಮರೆಯಾಗುತ್ತಾರೆ?

“ಈಡನ್‌ನ ಕೈಯಲ್ಲಿ ವೇಗ ಉಂಟು ಮಾರಾಯ್ರೇ. ಆದರೆ ಮೂರು ವಿಕೆಟಿಗೆ ನೂರಾ ಎರಡು ರನ್ ಕೊಟ್ಟದ್ದು ಯಾಕೆ? ನಿಧೀಶ್ ಮೂರು ವಿಕೆಟಿಗೆ ಬರೇ ಅರುವತ್ತೊಂದು ಕೊಟ್ಟದ್ದಲ್ಲವಾ?” ಎಂದು ರಿಕ್ಷಾ ಚಾಲಕ ಯುವಕನೊಬ್ಬ ಆಕ್ಷೇಪಿಸಿದ.

ಈಡನ್ ಆ್ಯಪಲ್ ಟಾಮ್ ಎಂಬ ಆ ಬೌಲರಿಗೆ ಆಗ 19 ವರ್ಷ. 2022ರಲ್ಲಿ ಮೇಘಾಲಯದ ವಿರುದ್ಧ ಮೊದಲ ರಣಜಿ ಪಂದ್ಯವಾಡಿದಾಗ ಅವರಿಗೆ 16. ಮೊದಲ ಸರದಿಯಲ್ಲೇ ನಾಲ್ಕು ವಿಕೆಟ್ ಕಿತ್ತು ಮನೆಮಾತಾಗಿದ್ದರು. ನಿಧೀಶ್ ಮೂವತ್ತು ದಾಟಿದ ಅನುಭವಿ; ಜಮ್ಮು-ಕಾಶ್ಮೀರದ ವಿರುದ್ಧ ಎರಡೂ ಸರದಿಗಳಲ್ಲಿ ಸೇರಿ ಹತ್ತು ವಿಕೆಟ್ ಪಡೆದವರು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂಬುದು ಪ್ರಶ್ನೆಯಾಯಿತು.

ಮೂಲೆಯಲ್ಲಿ ಕುಳಿತಿದ್ದ ಮಾಷ್ಟ್ರು ಅಲ್ಲಿಯವರೆಗೆ ಮಾತಾಡಿರಲಿಲ್ಲ. ಕನ್ನಡ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರಾಗಿ ನಿವೃತ್ತರಾದವರು. ಅವರ ತೊಡೆಯ ಮೇಲೆ ಒಂದು ಉದ್ದನೆಯ ಲೆಕ್ಕದ ಪುಸ್ತಕವಿತ್ತು. “ನಿನ್ನೆಯ ಸಂಗತಿ ನೆನಪುಂಟಾ?” ಎಂದು ಅವರು ಕೇಳಿದರು. “ಕರುಣ್ ನಾಯರ್ ಮೂವತ್ತೊಂದರಲ್ಲಿದ್ದಾಗ ಸ್ಲಿಪ್ಪಿನಲ್ಲಿ ಕ್ಯಾಚ್ ಬಿಟ್ಟದ್ದು ಯಾರ ಎಸೆತಕ್ಕೆ? ಈಡನ್‌ನ ಎಸೆತಕ್ಕೆ. ಕರುಣ್ ಕೊನೆಗೆ ನೂರಾ ಮೂವತ್ತೈದು ಹೊಡೆದ. ಅಂಕಪಟ್ಟಿಯಲ್ಲಿ ಅದು ಹುಡುಗನ ಖಾತೆಗೆ ರನ್ನಾಗಿ ಬಿತ್ತು. ಅವನು ಮಾಡಿದ ಕೆಲಸ ಮಾತ್ರ ಎಲ್ಲಿಯೂ ಬರೆದಿಲ್ಲ.”

ಜಗಲಿ ಒಂದು ಕ್ಷಣ ಮೌನವಾಯಿತು. ನಾನು ಅವರ ಪುಸ್ತಕವನ್ನು ನೋಡಬಹುದೇ ಎಂದು ಕೇಳಿದೆ. ಅದರಲ್ಲಿ ವಿಕೆಟುಗಳ ಕಾಲಮೇ ಇರಲಿಲ್ಲ. ಬದಲಿಗೆ ಮೂರು ಗೆರೆಗಳು. ಮೊದಲನೆಯದು, ಮೂರನೆಯ ಸಲ ಚೆಂಡು ಕೈಗೆ ಬಂದಾಗ ಹುಡುಗ ಹೇಗೆ ಎಸೆದ ಎಂಬುದು. ಎರಡನೆಯದು, ಬ್ಯಾಟುಗಾರನು ಆಡಲೇಬೇಕಾದ ಎಸೆತಗಳು ಎಷ್ಟು, ಸುಮ್ಮನೆ ಬಿಟ್ಟ ಎಸೆತಗಳು ಎಷ್ಟು ಎಂಬುದು. ಮೂರನೆಯದಕ್ಕೆ ಅವರು ‘ಪೆಟ್ಟಿನ ನಂತರ’ ಎಂದು ಹೆಸರಿಟ್ಟಿದ್ದರು. ಬೌಂಡರಿ ಹೊಡೆಸಿಕೊಂಡ ಮರು ಎಸೆತ ಎಲ್ಲಿ ಬಿತ್ತು ಎಂಬುದರ ಗುರುತು ಅದು.

“ಬೆಳಗಿನ ತಂಪಿನಲ್ಲಿ ಹೊಸ ಚೆಂಡು ಯಾರ ಕೈಯಿಂದಲೂ ತಿರುಗುತ್ತದೆ,” ಎಂದು ಮಾಷ್ಟ್ರು ವಿವರಿಸಿದರು. “ನಲುವತ್ತು ಓವರ್ ಕಳೆದ ಮೇಲೆ ಹೊಲಿಗೆ ಸಡಿಲ, ಹೊಳಪು ಇಲ್ಲ, ಬಿಸಿಲು ತಲೆಯ ಮೇಲೆ. ಎಂಬತ್ತು ಓವರಿನವರೆಗೆ ಇನ್ನೊಂದು ಹೊಸ ಚೆಂಡು ಸಿಗುವುದಿಲ್ಲ. ಆ ನಡುವಿನ ಹೊತ್ತಿನಲ್ಲಿ ಹುಡುಗನ ಗುಣ ತಿಳಿಯುತ್ತದೆ. ಪೆಟ್ಟು ತಿಂದವನು ಸಿಟ್ಟಿನಿಂದ ಚೆಂಡನ್ನು ಮೋಟಾಗಿ ಕುಕ್ಕಿದರೆ ಅವನಿಗೆ ಇನ್ನೂ ಸಮಯ ಬೇಕು. ಅದೇ ಜಾಗಕ್ಕೆ ಮತ್ತೆ ಎಸೆದರೆ ಅವನು ಉಳಿಯುತ್ತಾನೆ.”

ಅಲ್ಲಿಯವರೆಗೆ ಸುಮ್ಮನಿದ್ದ ಅಡಕೆ ವ್ಯಾಪಾರಿಯೊಬ್ಬರು ಈಗ ಬಾಯಿ ತೆರೆದರು. ಅವರದು ಕರ್ನಾಟಕ ತಂಡದ ಪಕ್ಷ. “ನೀವು ಕೇರಳದ್ದೇ ಹೇಳುತ್ತೀರಿ. ನಮ್ಮ ತಂಡದ ಹುಡುಗರನ್ನು ನೋಡಿದ್ದೀರಾ? ಜನವರಿಯಲ್ಲಿ ಚಿನ್ನಸ್ವಾಮಿಯಲ್ಲಿ ಪಂಜಾಬನ್ನು ಐವತ್ತೈದಕ್ಕೆ ಮುಗಿಸಿದರು. ಕುಂದಾಪುರದ ಕಡೆಯ ಅಭಿಲಾಷ್ ಶೆಟ್ಟಿ ಎಡಗೈಯಿಂದ ಎಸೆಯುವುದನ್ನು ನೋಡಬೇಕು. ವಿಜಯ್ ಹಜಾರೆ ಕಪ್ಪು ನಮಗೇ ಬಂತಲ್ಲ!”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಜನವರಿ 18ರಂದು ವಡೋದರದಲ್ಲಿ ಇದೇ ವಿದರ್ಭವನ್ನು 36 ರನ್ನುಗಳಿಂದ ಸೋಲಿಸಿ ಕರ್ನಾಟಕವು ಒಂದು ದಿನದ ಪಂದ್ಯಗಳ ಕಿರೀಟ ಧರಿಸಿತ್ತು. ಆದರೆ ರಣಜಿಯಲ್ಲಿ ಕೇರಳದ ಗುಂಪಿನಲ್ಲೇ ಇದ್ದ ಕರ್ನಾಟಕ ಎಂಟರ ಘಟ್ಟವನ್ನು ತಲುಪಲಿಲ್ಲ. ಹರಿಯಾಣದೊಂದಿಗಿನ ಕೊನೆಯ ಪಂದ್ಯ ಕೈಗೂಡಲಿಲ್ಲ. ಅಕ್ಟೋಬರಿನಲ್ಲಿ ಆಲೂರಿನಲ್ಲಿ ಕೇರಳ-ಕರ್ನಾಟಕಗಳು ಎದುರಾದಾಗ ಮಳೆಯೇ ಗೆದ್ದಿತ್ತು.

“ನಮ್ಮ ತಂಡ ಎಂದರೆ ಯಾವುದು?” ಎಂದು ರಿಕ್ಷಾದ ಯುವಕ ನಗುತ್ತ ಕೇಳಿದ. ಕಾಸರಗೋಡಿನ ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. 1956ರ ನವೆಂಬರ್ 1ರಂದು ಎಳೆದ ಗೆರೆಯ ಮೇಲೆ ನಮ್ಮ ಅಜ್ಜಂದಿರು ನಿಂತಿದ್ದರು, ನಾವೂ ನಿಂತಿದ್ದೇವೆ. ಪಾಠಪುಸ್ತಕ ಕನ್ನಡದ್ದು, ಅದನ್ನು ಅಚ್ಚು ಹಾಕಿಸುವ ಸರಕಾರ ಕೇರಳದ್ದು. ಆದರೆ ಆ ದಿನ ಆಟದಂಗಳವನ್ನು ನೋಡಿದರೆ ಗೆರೆಗಳು ಎಷ್ಟು ಗೋಜಲಾಗಿವೆ ಎಂಬುದು ಕಾಣುತ್ತಿತ್ತು. ಕೇರಳವನ್ನು ತಡೆದು ನಿಲ್ಲಿಸಿದ ಕರುಣ್ ನಾಯರ್ ಮಲಯಾಳಿ ದಂಪತಿಗಳ ಮಗ; ಬೆಂಗಳೂರಿನಲ್ಲಿ ಬೆಳೆದು ಕರ್ನಾಟಕಕ್ಕಾಗಿ ರಣಜಿ ಅಂತಿಮ ಪಂದ್ಯದಲ್ಲಿ 328 ಹೊಡೆದವರು; ಆಗ ವಿದರ್ಭದ ಪಾಲಾಗಿದ್ದರು. ಕೇರಳದ ಪರವಾಗಿ ಆ ಪಂದ್ಯದಲ್ಲಿ 79 ರನ್ ಗಳಿಸಿದ ಆದಿತ್ಯ ಸರ್ವಟೆ ವಿದರ್ಭದಿಂದ ಬಂದವರು. ಕರ್ನಾಟಕದ ದೇವದತ್ತ ಪಡಿಕ್ಕಲ್ ಹುಟ್ಟಿದ್ದು ಮಲಪ್ಪುರಂ ಜಿಲ್ಲೆಯ ಎಡಪ್ಪಾಳಿನಲ್ಲಿ. ಇನ್ನು ಬಂದ್ಯೋಡಿಗೆ ತೆಂಕಲಾಗಿ ಹೊಳೆಯಾಚೆ ಇರುವ ಕುಂಬಳೆಯ ಹೆಸರನ್ನು ಹೊತ್ತುಕೊಂಡು 619 ಟೆಸ್ಟ್ ವಿಕೆಟ್ ಪಡೆದ ಅನಿಲ್ ಕುಂಬ್ಳೆ ಆಡಿದ್ದು ಕರ್ನಾಟಕಕ್ಕೆ. ಊರು ಇಲ್ಲಿ, ತಂಡ ಅಲ್ಲಿ.

ಇಚ್ಚ ಮೊಬೈಲಿನಿಂದ ಕಣ್ಣು ತೆಗೆಯದೆ ಹೇಳಿದರು: “ಒಳ್ಳೆಯ ಎಸೆತ ಹಾಕುವವ ನನ್ನ ತಂಡದವ.”

ಎಲ್ಲರೂ ನಕ್ಕರು. ನಾನು ಮಾತ್ರ ಅಕ್ಕಿ ಡಬ್ಬದಲ್ಲಿರುವ ಚೆಂಡನ್ನು ನೆನೆಯುತ್ತಿದ್ದೆ. ಮಂಗಳೂರಿಗೆ ಹೋದರೆ ಹುಡುಗ ಕರ್ನಾಟಕದ ಸಾಲಿನಲ್ಲಿ ನಿಲ್ಲುತ್ತಾನೆ; ಇಲ್ಲೇ ಇದ್ದರೆ ಕಾಸರಗೋಡು ಜಿಲ್ಲೆಯ ಆಯ್ಕೆಗೆ, ಕೇರಳದ ಸಾಲಿಗೆ. ಎರಡೂ ಸಾಲುಗಳು ಉದ್ದ. ನಾನು ಮಾಷ್ಟ್ರನ್ನು ಬದಿಗೆ ಕರೆದು ವಿಷಯ ತಿಳಿಸಿದೆ. ಅಳಿಯನು ಅವರ ಹಳೆಯ ಶಿಷ್ಯನೇ. “ಅವನು ಬೆಳೆಯುತ್ತಾನೆಯೇ, ಹೇಳಿ. ನಿಮ್ಮ ಪುಸ್ತಕದಲ್ಲಿ ಅವನ ಹೆಸರುಂಟೆ?” ಎಂದು ಕೇಳಿದೆ.

ಮಾಷ್ಟ್ರು ಪುಸ್ತಕ ಮುಚ್ಚಿದರು. “ಹದಿನೈದು ವರ್ಷದವರನ್ನು ನಾನು ಇದರಲ್ಲಿ ಬರೆಯುವುದಿಲ್ಲ,” ಎಂದರು. “ಜಾವಗಲ್ ಶ್ರೀನಾಥ್ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ತೆಗೆದ, ನಿಜ. ಹಾಗೆ ಶುರು ಮಾಡಿದವರೆಲ್ಲ ಶ್ರೀನಾಥ್ ಆಗಲಿಲ್ಲ. ದಾವಣಗೆರೆಯ ವಿನಯ್ ಕುಮಾರನಿಗೆ ಅಂಥ ವೇಗವಿರಲಿಲ್ಲ. ಆದರೆ ಒಂದೇ ಜಾಗಕ್ಕೆ ದಿನವಿಡೀ ಎಸೆದು ಎಸೆದು ಕರ್ನಾಟಕಕ್ಕೆ ಎರಡು ವರ್ಷ ಸಾಲಾಗಿ ರಣಜಿ ಗೆದ್ದು ಕೊಟ್ಟ. ಹುಡುಗರು ಮಾರ್ಚಿನಲ್ಲಿ ಒಂದು, ಜೂನಿನಲ್ಲಿ ಇನ್ನೊಂದು. ಈಗ ಅಳೆಯಬೇಡಿ.”

ಆಮೇಲೆ ಅವರು ಹೇಳಿದ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯವೆನಿಸಿತು. ವೇಗದ ಬೌಲರುಗಳಾಗಬಯಸುವ ಮಕ್ಕಳ ಬೆನ್ನೆಲುಬು ಹದಿಹರೆಯದಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಹುರುಪಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಎಸೆದರೆ ಕೆಳಬೆನ್ನಿನ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬೀಳುವುದುಂಟು. ಅದಕ್ಕಾಗಿಯೇ ಇಂಗ್ಲೆಂಡಿನಂಥ ದೇಶಗಳಲ್ಲಿ ಮಕ್ಕಳು ಒಂದು ಸರದಿಗೆ ಎಷ್ಟು ಓವರ್, ದಿನಕ್ಕೆ ಎಷ್ಟು ಓವರ್ ಎಸೆಯಬಹುದೆಂದು ವಯಸ್ಸಿಗೆ ತಕ್ಕಂತೆ ಮಿತಿ ವಿಧಿಸಿದ್ದಾರೆ. “ನಮ್ಮ ಗದ್ದೆಯ ಟೂರ್ನಮೆಂಟುಗಳಲ್ಲಿ ಯಾರು ಲೆಕ್ಕ ಇಡುತ್ತಾರೆ?” ಎಂದು ಅವರು ಕೇಳಿದರು.

ಅಮೆರಿಕದ ಬೇಸ್‌ಬಾಲ್ ಆಟದಲ್ಲಿಯೂ ಇದೇ ಚಿಂತೆಯಿದೆ ಎಂಬುದನ್ನು ನಾನು ಓದಿದ್ದೆ. ಅದನ್ನು ಅವರಿಗೆ ಹೇಳಿದೆ. ಅಲ್ಲಿ ಚೆಂಡೆಸೆಯುವವನ ಪ್ರತಿ ಎಸೆತವನ್ನೂ ಎಣಿಸುತ್ತಾರೆ. 2012ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ತಂಡವು ಮೊದಲ ಸ್ಥಾನದಲ್ಲಿದ್ದಾಗಲೇ ಸೆಪ್ಟೆಂಬರಿನಲ್ಲಿ ತನ್ನ ಯುವ ಎಸೆಗಾರ ಸ್ಟೀಫನ್ ಸ್ಟ್ರಾಸ್‌ಬರ್ಗನನ್ನು ಮನೆಗೆ ಕಳುಹಿಸಿತು. ಎರಡು ವರ್ಷ ಹಿಂದೆ ಅವನ ಮೊಣಕೈಗೆ ಶಸ್ತ್ರಚಿಕಿತ್ಸೆಯಾಗಿತ್ತು. ಅಭಿಮಾನಿಗಳು ಸಿಡಿದೆದ್ದರು, ಆ ವರ್ಷ ತಂಡ ಸೋತು ಹೊರಬಿತ್ತು. ಏಳು ವರ್ಷಗಳ ಬಳಿಕ, 2019ರಲ್ಲಿ, ಅದೇ ತಂಡ ವಿಶ್ವ ಸರಣಿ ಗೆದ್ದಾಗ ಶ್ರೇಷ್ಠ ಆಟಗಾರನೆನಿಸಿದವನು ಅದೇ ಸ್ಟ್ರಾಸ್‌ಬರ್ಗ್. ಕೊನೆಗೆ ಗಾಯಗಳೇ ಅವನ ಆಟವನ್ನು ಮುಗಿಸಿದವು ಎಂಬುದೂ ನಿಜ.

“ಹಾಗಾದರೆ ಅವರಿಗೂ ಖಚಿತವಾಗಿ ಗೊತ್ತಿಲ್ಲ,” ಎಂದರು ಮಾಷ್ಟ್ರು. “ಆದರೆ ಎಣಿಸಿದರಲ್ಲ, ಅಷ್ಟು ಸಾಕು. ಹುಡುಗನಿಗೆ ಆಟ ಬಿಡು ಎಂದು ಹೇಳಲು ಹೋಗಬೇಡಿ. ದಿನಕ್ಕೆ ಇಷ್ಟೇ ಎಸೆ ಎಂದು ಹೇಳಿ. ಬಿಡು ಎಂದರೆ ಅವನು ನಿಮ್ಮ ಕಣ್ಣು ತಪ್ಪಿಸಿ ಎಸೆಯುತ್ತಾನೆ. ಇಷ್ಟೇ ಎಂದರೆ ಎಣಿಸುತ್ತಾನೆ.”

ಮುಂದಿನ ಬಸ್ಸಿನಲ್ಲಿ ನಾನು ಪೆರ್ಮುದೆ ದಾರಿ ಹಿಡಿದೆ. ಪೇಟೆಯ ಧೂಳು ಹಿಂದಾಗಿ, ಮುರಕಲ್ಲಿನ ಪಾಗಾರಗಳು, ಗೇರುಮರಗಳು, ಕೊಯ್ಲು ಮುಗಿದ ಗದ್ದೆಗಳು ಬಂದವು. ಒಂದು ಗದ್ದೆಯಲ್ಲಿ ಮಕ್ಕಳು ಮೂರು ಕೋಲು ನೆಟ್ಟು ಆಡುತ್ತಿದ್ದರು. ಓಡಿ ಬರುವವನ ಕಾಲಡಿಯಲ್ಲಿ ಒಣಗಿದ ಹುಲ್ಲಿನ ಬುಡಗಳು. ಪಿಚ್ಚಿನ ಜಾಗವನ್ನಷ್ಟೇ ಸೆಗಣಿ ಸಾರಿಸಿ ನುಣುಪು ಮಾಡಿದ್ದರು.

ಅಕ್ಕನ ಮನೆಯಲ್ಲಿ ಅಳಿಯ ಚಾವಡಿಯ ಮೇಜಿನ ಮುಂದೆ ಕುಳಿತಿದ್ದ. ಮೊದಲನೆಯ ಪತ್ರಿಕೆ ಕನ್ನಡ. ನನ್ನನ್ನು ಕಂಡೊಡನೆ ಎದ್ದು ನಿಂತ. “ಮಾವ, ಎಷ್ಟಾಯಿತು?” ಎಂದಷ್ಟೇ ಕೇಳಿದ. ವಿದರ್ಭ 9 ವಿಕೆಟಿಗೆ 375 ಗಳಿಸಿದ್ದಾಗ ಇತ್ತಂಡದವರೂ ಕೈಕುಲುಕಿ ಆಟ ಮುಗಿಸಿದ್ದರೆಂದು ಬಸ್ಸಿನಲ್ಲೇ ತಿಳಿದಿತ್ತು. ಹೇಳಿದೆ. ಅವನು ತುಸು ಹೊತ್ತು ಸುಮ್ಮನಿದ್ದು, “ಒಂದು ರನ್ನಿಗೆ ಗೆದ್ದರು, ಎರಡು ರನ್ನಿಗೆ ಗೆದ್ದರು, ಇದೊಂದು ಮಾತ್ರ ತಪ್ಪಿತು,” ಎಂದ. ಅವನ ಸ್ವರದಲ್ಲಿ ದುಃಖವಿತ್ತು. ಆದರೆ ಲೆಕ್ಕ ಸರಿಯಿತ್ತು.

ರಾತ್ರಿ ಊಟದ ಬಳಿಕ ನಾವು ಹಿರಿಯರು ಮೂವರೂ ಕುಳಿತು ಮಾತಾಡಿದೆವು. ಮಾಷ್ಟ್ರ ಮಾತುಗಳನ್ನು ನಾನು ಯಥಾವತ್ತಾಗಿ ಒಪ್ಪಿಸಿದೆ. ಭಾವನವರು ಬಹಳ ಹೊತ್ತು ಅಡಕೆ ಕತ್ತರಿಸುತ್ತಲೇ ಇದ್ದರು. “ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಬಂದ ಮಕ್ಕಳ ಫೋಟೊ ಪೇಟೆಯಲ್ಲಿ ಫ್ಲೆಕ್ಸ್ ಹಾಕುತ್ತಾರೆ. ಉಳಿದ ಮಕ್ಕಳು ಅದರ ಅಡಿಯಿಂದಲೇ ಶಾಲೆಗೆ ಹೋಗಬೇಕು,” ಎಂದು ಕೊನೆಗೆ ಹೇಳಿದರು. ಅದು ಒಪ್ಪಿಗೆಯೋ ಅಲ್ಲವೋ ನನಗೆ ತಿಳಿಯಲಿಲ್ಲ. ಮಂಗಳೂರೋ ಬಂದ್ಯೋಡೋ ಎಂಬುದನ್ನು ಫಲಿತಾಂಶ ಬಂದ ಮೇಲೆ ಮೂವರೂ ಕೂಡಿ, ಹುಡುಗನನ್ನೂ ಕೂರಿಸಿಕೊಂಡು ತೀರ್ಮಾನಿಸುವುದೆಂದಾಯಿತು. ಅವನನ್ನು ಕೂರಿಸಿಕೊಂಡು ಎಂಬ ಮಾತು ಭಾವನವರ ಬಾಯಿಯಿಂದಲೇ ಬಂತು.

ಮರುದಿನ ಬೆಳಗ್ಗೆ ಹುಡುಗ ದೇವರಿಗೆ, ಹಿರಿಯರಿಗೆ ನಮಸ್ಕರಿಸಿ ಹೊರಟ. ಅಕ್ಕ ಅಡುಗೆಮನೆಯಿಂದ ಕೂಗಿ ಹೇಳಿದಳು: “ಇಪ್ಪತ್ತಾರಕ್ಕೆ ಪರೀಕ್ಷೆ ಮುಗಿಯುತ್ತದಲ್ಲ, ಅಂದು ಸಂಜೆ ಚೆಂಡು ಕೊಡುತ್ತೇನೆ. ಆದರೆ ದಿನಕ್ಕೆ ಆರೇ ಓವರ್.”

ಬಸ್ಸಿನಲ್ಲಿ ಅವನು ಕನ್ನಡ ಪುಸ್ತಕವನ್ನು ತೆರೆದು ಓದುತ್ತಿದ್ದ. ಬಂದ್ಯೋಡು ಬಂದಾಗ ಒಮ್ಮೆ ತಲೆಯೆತ್ತಿ ಕೇಳಿದ: “ಮಾವ, ನೋಬಾಲ್ ಆದರೆ ಅದೂ ಲೆಕ್ಕಕ್ಕೆ ಸೇರುತ್ತದಾ?”

ಇಚ್ಚನ ಅಂಗಡಿಯ ಬಾಗಿಲು ಮುಚ್ಚಿತ್ತು. ಜಗಲಿಯಲ್ಲಿ ಮಾಷ್ಟ್ರು ಒಬ್ಬರೇ ಪತ್ರಿಕೆ ಓದುತ್ತ ಕುಳಿತಿದ್ದರು. ಸೇರುತ್ತದೆ ಎಂದು ನಾನು ಹೇಳಿದೆ.